ನಾಯಕನಹಟ್ಟಿ ಸೀಮೆಗೆ ಹುಳು ಬರುವ ದಾರಿಗಳು

1975ರ ಅಕ್ಟೋಬರ್‌ನಲ್ಲಿ ಕರ್ನಾಟಕದಲ್ಲಿ ಒಂದು ಗಿಡದ ಮೇಲೆ ಸರ್ಕಾರಿ ಆದೇಶ ಹೊರಟಿತು. 1968ರ ಕರ್ನಾಟಕ ಕೃಷಿ ಪೀಡೆ ಮತ್ತು ರೋಗಗಳ ಕಾಯ್ದೆಯಡಿ ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಗಿಡ, ಒಂದು ಉಪದ್ರವಕಾರಿ ಕಳೆ ಎಂದು ಸಾರಿದ ಆದೇಶ ಅದು. ಅರ್ಧ ಶತಮಾನ ಕಳೆದಿದೆ. ಚಳ್ಳಕೆರೆಯಿಂದ ನಾಯಕನಹಟ್ಟಿಗೆ ಬರುವ ರಸ್ತೆಯ ಎರಡೂ ಮಗ್ಗುಲಲ್ಲಿ ಈಗಲೂ, ಒಂದು ಹದ ಮಳೆ ಬಿದ್ದು ತಿಂಗಳಾಗುವಷ್ಟರಲ್ಲಿ, ಕಾಂಗ್ರೆಸ್ ಗಿಡ ಬಿಳಿ ಹೂ ಹೊತ್ತು ನಿಂತಿರುತ್ತದೆ. ಆದೇಶ ಓದಿದ ಲಕ್ಷಣ ಅದರಲ್ಲಿ ಕಾಣುವುದಿಲ್ಲ.

ಹೊರದೇಶದ ಪೀಡೆಯೊಂದು ಹೊಲಕ್ಕೆ ಬಿತ್ತೆಂದರೆ ಎಲ್ಲರೂ ಮೊದಲು ಕೇಳುವುದು, ಗಡಿಯಲ್ಲೇ ಯಾಕೆ ತಡೆಯಲಿಲ್ಲ ಎಂದು. 2020ರಲ್ಲಿ ಊರ ಬಾಗಿಲಿಗೆ ಜಾಲಿ ಮುಳ್ಳು ಎಳೆದು ಹಾಕಿ ಕೂತ ನಮಗೆ ಕ್ವಾರಂಟೈನ್ ಎಂದರೆ ದಾರಿ ಮುಚ್ಚುವುದು ಎಂದೇ ರೂಢಿಯಾಗಿದೆ. ಬೆಳೆಯ ಪೀಡೆಗೆ ದಾರಿ ಒಂದಲ್ಲ. ಕೆಲವು ಬಿತ್ತನೆ ಬೀಜದ ಒಳಗೆ ಕೂತು ಬರುತ್ತವೆ, ಕೆಲವು ಚೀಲ, ಬಾಕ್ಸು, ಸಸಿ ಟ್ರೇ ಹತ್ತಿ ಬರುತ್ತವೆ, ಕೆಲವು ರೆಕ್ಕೆ ಬಿಚ್ಚಿ ಗಾಳಿಯಲ್ಲಿ ಬರುತ್ತವೆ. ಒಂದೊಂದಕ್ಕೆ ಬೇಕಾದ ಬಾಗಿಲು ಬೇರೆ ಬೇರೆ. ನಮ್ಮ ಕಾನೂನು ಮಾತ್ರ ನಕ್ಷೆಯ ಮೇಲಿನ ಗೆರೆಯೊಂದನ್ನೇ ಬಾಗಿಲು ಎಂದು ನಂಬಿಕೊಂಡು ಬಂದಿದೆ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಂಥ ಗಡಿನಾಡಿನಲ್ಲಿ ನಿಂತು ನೋಡಿದರೆ ಆ ನಂಬಿಕೆಯ ತೂತುಗಳು ಚೆನ್ನಾಗಿ ಕಾಣುತ್ತವೆ.

ಕಾನೂನಿನ ಕತೆ ಚಿಕ್ಕದು. ಮೂಲ 1914ರ ವಿನಾಶಕಾರಿ ಕೀಟ ಮತ್ತು ಪೀಡೆಗಳ ಕಾಯ್ದೆ. ಬ್ರಿಟಿಷರ ಕಾಲದ, ಕೆಲವೇ ಪುಟಗಳ ಆ ಕಾಯ್ದೆಯೇ ಇಂದಿಗೂ ಎಲ್ಲಕ್ಕೂ ಆಧಾರ. ಅದರಡಿ ಬಂದ 2003ರ ಸಸ್ಯ ಕ್ವಾರಂಟೈನ್ ಆದೇಶ ಆಮದಿನ ಮಾಲಿಗೆ ಪರವಾನಗಿ ಬೇಕು, ಕಳಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಬಂದರಿನಲ್ಲೋ ವಿಮಾನ ನಿಲ್ದಾಣದಲ್ಲೋ ತಪಾಸಣೆಯಾಗಬೇಕು ಎನ್ನುತ್ತದೆ. ಇದನ್ನೆಲ್ಲ ನೋಡಿಕೊಳ್ಳುವ ನಿರ್ದೇಶನಾಲಯ ಫರೀದಾಬಾದಿನಲ್ಲಿದೆ. ದೇಶದೊಳಗೆ ರಾಜ್ಯದಿಂದ ರಾಜ್ಯಕ್ಕೆ ಸಾಗಣೆ ತಡೆಯುವ ಅಧಿಕಾರವೂ 1914ರ ಕಾಯ್ದೆಯಲ್ಲಿದೆ. ಅದನ್ನು ಬಳಸಿದ ಉದಾಹರಣೆಗಳನ್ನು ಬೆರಳಲ್ಲಿ ಎಣಿಸಬಹುದು: ಡಾರ್ಜಿಲಿಂಗಿನ ಆಲೂಗಡ್ಡೆ ಗಂಟು ರೋಗ, ನೀಲಗಿರಿಯ ಆಲೂಗಡ್ಡೆ ಜಂತುಹುಳು, ಸೇಬಿನ ಸ್ಯಾನ್ ಹೋಸೆ ಶಲ್ಕ ಕೀಟ, ಲಡಾಖಿನ ಕಾಡ್ಲಿಂಗ್ ಪತಂಗ, ಕಾಫಿ ಕಾಯಿಕೊರಕ, ಬಾಳೆಯ ಗುಚ್ಛತಲೆ ರೋಗ, ಇನ್ನೊಂದೆರಡು. ತಪ್ಪಿದವರಿಗೆ ಕಾಯ್ದೆ ದಶಕಗಳ ಕಾಲ ಹೇಳಿಕೊಂಡು ಬಂದ ದಂಡ 250 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 2,000 ರೂಪಾಯಿ. ಒಂದು ಲಾರಿ ಈರುಳ್ಳಿಯ ಹಮಾಲಿ ಖರ್ಚಿಗೂ ಸಾಲದ ಮೊತ್ತ. ಇದನ್ನೆಲ್ಲ ಕಿತ್ತು ಹೊಸದು ಕಟ್ಟಲೆಂದು 2013ರಲ್ಲಿ ಕೃಷಿ ಜೈವಿಕ ಸುರಕ್ಷತಾ ಮಸೂದೆ ಲೋಕಸಭೆಗೆ ಬಂತು. ಸದನದ ಅವಧಿ ಮುಗಿದು ಬಿದ್ದುಹೋಯಿತು.

ಬಾಳೆಯ ಮೇಲಿನ ಆ ಆದೇಶ ಮಾತ್ರ ಬುದ್ಧಿವಂತಿಕೆಯದು. ರೋಗವಿರುವ ರಾಜ್ಯಗಳಿಂದ ಬಾಳೆಯ ಕಂದು, ದಿಂಡು, ಹೂ ಯಾವುದೂ ಹೊರಹೋಗಬಾರದು, ಹಣ್ಣು ಹೋಗಬಹುದು ಎನ್ನುತ್ತದೆ ಅದು. ರೋಗ ಹರಡುವುದು ಕಂದಿನಿಂದ ಮತ್ತು ಸಸ್ಯಹೇನಿನಿಂದ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಜಾತ್ರೆಯ ದಿನ ರಥಕ್ಕೆ ತೂರುವ ಬಾಳೆಹಣ್ಣು ಯಾವ ಸೀಮೆಯಿಂದ ಬಂದರೂ ಆ ರೋಗದ ಮಟ್ಟಿಗೆ ಭಯವಿಲ್ಲ. ಜಾತ್ರೆಗೆ ಬಂದ ನೆಂಟರು ಚೆನ್ನಾಗಿದೆಯೆಂದು ಚೀಲದಲ್ಲಿ ಹಾಕಿಕೊಂಡು ಬಂದ ಒಂದು ಕಂದಿಗೆ ಹೆದರಬೇಕು. ಯಾವುದನ್ನು ತಡೆಯಬೇಕು, ಯಾವುದನ್ನು ಬಿಡಬಹುದು ಎಂಬ ಈ ವಿವೇಕ ಉಳಿದ ಪೀಡೆಗಳ ವಿಷಯದಲ್ಲಿ ಅಷ್ಟಾಗಿ ಕೆಲಸ ಮಾಡಿಲ್ಲ.

ಈಗ ಕಾಂಗ್ರೆಸ್ ಗಿಡಕ್ಕೆ ಮರಳೋಣ. ಅಮೆರಿಕ ಖಂಡದ ಈ ಗಿಡ ಪುಣೆಯಲ್ಲಿ ಕಣ್ಣಿಗೆ ಬಿದ್ದದ್ದು 1955ರ ಹೊತ್ತಿಗೆ. ಆಮದಾದ ಗೋಧಿಯ ಜತೆ ಬಂತೆಂಬುದು ಎಲ್ಲರೂ ಹೇಳುವ ಮಾತು. ಹೊಲದ ಬದುವಿನ ಕಳೆ, ಮೈ ಕಡಿತ ತರುವ ಗಿಡ ಎಂದಷ್ಟೇ ಬಹಳ ಕಾಲ ಅದನ್ನು ಬೈದೆವು. 2000ದ ಮುಂಗಾರಿನಲ್ಲಿ ಅದರ ಇನ್ನೊಂದು ಮುಖ ಕಂಡಿತು. ನಮ್ಮ ಪಕ್ಕದ ಅನಂತಪುರ ಜಿಲ್ಲೆಯಲ್ಲಿ, ಅಂದರೆ ಮೊಳಕಾಲ್ಮೂರಿನಿಂದ ಆಚೆ ಕಣ್ಣಳತೆಯಲ್ಲಿರುವ ರಾಯದುರ್ಗ, ಕಲ್ಯಾಣದುರ್ಗಗಳ ಜಿಲ್ಲೆಯಲ್ಲಿ, ಶೇಂಗಾ ಗಿಡಗಳ ಕುಡಿ ಕಪ್ಪಾಗಿ, ಕಾಂಡ ಒಣಗಿ, ಹೊಲಕ್ಕೆ ಹೊಲವೇ ಸತ್ತಿತು. ಸುಮಾರು 2,25,000 ಹೆಕ್ಟೇರ್ ಬೆಳೆಗೆ ಪೆಟ್ಟು ಬಿತ್ತು, ನಷ್ಟ 300 ಕೋಟಿ ರೂಪಾಯಿ ದಾಟಿತು. ಮೊದಲು ಎಲ್ಲರೂ ಹಳೆಯ ಮೊಗ್ಗು ಕೊಳೆ ವೈರಸ್ ಎಂದುಕೊಂಡರು. ಹೈದರಾಬಾದಿನ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ಪರೀಕ್ಷಿಸಿದಾಗ ಸಿಕ್ಕಿದ್ದು ತಂಬಾಕು ಗೆರೆ ವೈರಸ್.

ಅದು ಹರಡುವ ಬಗೆ ಕೇಳಿ. ಪಾರ್ಥೇನಿಯಂ ಗಿಡದೊಳಗೆ ಆ ವೈರಸ್ ಇರುತ್ತದೆ, ಗಿಡಕ್ಕೆ ಏನೂ ಆಗಿರುವುದಿಲ್ಲ, ಎಲೆ ಮೇಲೆ ಒಂದು ಚುಕ್ಕೆಯೂ ಇರುವುದಿಲ್ಲ. ಹೂವಿನ ಪರಾಗದಲ್ಲಿ ವೈರಸ್ ಸೇರಿಕೊಂಡಿರುತ್ತದೆ. ಹೂವಲ್ಲಿ ಕೂತ ಥ್ರಿಪ್ಸ್ ನುಸಿ ಆ ಪರಾಗವನ್ನು ಮೈಗೆ ಮೆತ್ತಿಕೊಂಡು ಶೇಂಗಾ ಎಲೆಗೆ ಹಾರುತ್ತದೆ, ಎಲೆಯನ್ನು ಕೆರೆದು ರಸ ಹೀರುತ್ತದೆ, ಆ ಗಾಯಕ್ಕೆ ಪರಾಗ ತಾಗುತ್ತದೆ. ಶೇಂಗಾ ಬೀಜದ ಮೂಲಕ ಈ ವೈರಸ್ ದಾಟುವುದಿಲ್ಲ. ಆದ್ದರಿಂದ ಅನಂತಪುರದಿಂದ ಬರುವ ಬಿತ್ತನೆ ಶೇಂಗಾದ ಲಾರಿಯನ್ನು ಗಡಿಯಲ್ಲಿ ನಿಲ್ಲಿಸಿದ್ದರೆ ರೈತರಿಗೆ ಬೀಜ ಸಿಗುತ್ತಿರಲಿಲ್ಲ, ರೋಗ ನಿಲ್ಲುತ್ತಲೂ ಇರಲಿಲ್ಲ. ಐವತ್ತರ ದಶಕದಲ್ಲಿ ಬಂದರಿನ ಬಾಗಿಲು ದಾಟಿದ ಗಿಡವೊಂದು ನಲವತ್ತೈದು ವರ್ಷ ತಡವಾಗಿ ಬಿಲ್ಲು ಕಳಿಸಿತು ಅಷ್ಟೇ. ಆಮೇಲೆ ವಿಜ್ಞಾನಿಗಳು ಹೇಳಿದ ಉಪಾಯದಲ್ಲಿ ಹೊಸದೇನೂ ಇರಲಿಲ್ಲ. ಮಳೆ ಬೀಳುತ್ತಲೇ ಬದುವಿನ ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಕೀಳುವುದು, ಹೊಲದ ಸುತ್ತ ಬೇಗ ಎತ್ತರ ಬೆಳೆಯುವ ಜೋಳವೋ ಸಜ್ಜೆಯೋ ಕೆಲವು ಸಾಲು ಹಾಕಿ ಗಾಳಿಯಲ್ಲಿ ತೇಲಿ ಬರುವ ನುಸಿಯನ್ನು ತಡೆಯುವುದು. ಜೋಳ, ಸಜ್ಜೆ, ತೊಗರಿಯ ಅಕ್ಕಡಿ ಸಾಲು ಬಿಡದೆ ಹಾಕುತ್ತಿದ್ದ ಕಾಲದವರು ನಾಯಕನಹಟ್ಟಿ ಹೋಬಳಿಯಲ್ಲಿ ಇನ್ನೂ ಇದ್ದಾರೆ. ಶೇಂಗಾ ಒಂದನ್ನೇ ಬದುವಿನಿಂದ ಬದುವಿಗೆ ತುಂಬಿಸುವ ಚಾಳಿ ಎಣ್ಣೆ ಮಿಲ್ಲುಗಳ ಕಾಲದ್ದು.

ಬೀಜದ ಮೂಲಕ ದಾಟುವ ವೈರಸ್‌ಗಳೂ ಇವೆ, ಅಲ್ಲಿ ಮಾತು ಬೇರೆ. ಶೇಂಗಾ ಪಟ್ಟೆ ವೈರಸ್ ಎಂಬುದು ಪೂರ್ವ ಏಷ್ಯಾದ ಕಡೆಯದು. 1980ರ ದಶಕದ ಕೊನೆಯಲ್ಲಿ ಗುಜರಾತಿನಲ್ಲಿ, ಸಂಶೋಧನೆಗೆಂದು ಬೆಳೆಸಿದ ತಳಿಗಳಲ್ಲಿ ಅದು ಪತ್ತೆಯಾಯಿತು. ತಳಿ ಸುಧಾರಣೆಗೆಂದು ತರಿಸಿದ ಬೀಜವೇ ರೋಗದ ವಾಹನವಾಗಬಹುದು ಎಂಬ ಎಚ್ಚರ ಅಲ್ಲಿಂದ ಹೆಚ್ಚಿತು. ಹೊರಗಿನಿಂದ ಬರುವ ಶೇಂಗಾ ತಳಿಗಳನ್ನು ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಸಂಸ್ಥೆಯ ಹೈದರಾಬಾದ್ ಕೇಂದ್ರದಲ್ಲಿ ಪರೀಕ್ಷಿಸುವ ವಿಧಾನ ನೋಡಲು ಚೆಂದ. ಒಂದೊಂದೇ ಬೀಜವನ್ನು ತೆಗೆದುಕೊಂಡು, ಮೊಳಕೆ ಇರುವ ತುದಿಯನ್ನು ಬಿಟ್ಟು, ಎದುರು ತುದಿಯ ಬೇಳೆಯಿಂದ ಒಂದು ಚಿಕ್ಕ ಚೂರು ಕೊಯ್ಯುತ್ತಾರೆ. ಚೂರನ್ನು ಅರೆದು ಎಲಿಸಾ ಪರೀಕ್ಷೆ ಮಾಡುತ್ತಾರೆ. ವೈರಸ್ ಇಲ್ಲವೆಂದಾದರೆ ಅದೇ ಬೀಜವನ್ನು ಬಿತ್ತುತ್ತಾರೆ, ಅದು ಮೊಳೆಯುತ್ತದೆ. ಕ್ವಾರಂಟೈನ್ ನಿಜವಾಗಿ ಕೆಲಸ ಮಾಡುವುದು ಇಂಥ ಕಡೆ: ಬರುವ ಮಾಲು ಮುಷ್ಟಿಯಷ್ಟಿರುತ್ತದೆ, ಬರುವ ಬಾಗಿಲು ಒಂದೇ ಇರುತ್ತದೆ, ಕಾಯುವವನಿಗೆ ಯಾವ ಅವಸರವೂ ಇರುವುದಿಲ್ಲ.

ನಾಯಕನಹಟ್ಟಿಯ ರೈತ ಸಂಪರ್ಕ ಕೇಂದ್ರದ ಮುಂದೆ ಮುಂಗಾರಿಗೆ ಮೊದಲು ಬಿತ್ತನೆ ಶೇಂಗಾಕ್ಕೆ ಸಾಲು ನಿಲ್ಲುವಾಗ ಇವು ಮೂರೂ ಇರುವುದಿಲ್ಲ. ಅಲ್ಲಿ ಹಂಚುವುದು ಮುಷ್ಟಿಯಲ್ಲ, ಲಾರಿಗಟ್ಟಲೆ ಚೀಲ. ಕದಿರಿ-6 ತಳಿ ಹುಟ್ಟಿದ್ದೇ ಆಂಧ್ರದಲ್ಲಿ. ಟಿಎಂವಿ-2 ತಮಿಳುನಾಡಿನ ತಿಂಡಿವನಂನಿಂದ 1940ರಲ್ಲಿ ಹೊರಟದ್ದು. ಸರ್ಕಾರಿ ಬೀಜ ಸಾಲದಾದಾಗ ಖಾಸಗಿ ವ್ಯಾಪಾರಿಗಳ ಬೀಜ, ಅದೂ ಇಲ್ಲವಾದರೆ ನೆಂಟರ ಮನೆಯ ಬೀಜ. ಪ್ರಮಾಣಿತ ಬೀಜದ ಚೀಲಕ್ಕೆ ಹೊಲಿದ ಚೀಟಿಯಲ್ಲಿ ಮೊಳಕೆ ಪ್ರಮಾಣ ಕನಿಷ್ಠ 70 ಎಂದಿರುತ್ತದೆ, ಶುದ್ಧತೆ ಇಷ್ಟು ಎಂದಿರುತ್ತದೆ. ವೈರಸ್‌ನ ಮಾತು ಅದರಲ್ಲಿ ಇರುವುದಿಲ್ಲ. ಪ್ರತಿ ಬೀಜ ಕೊಯ್ದು ನೋಡಲು ಸಾಧ್ಯವಿಲ್ಲ ನಿಜ. ಆದರೆ ಬೀಜೋತ್ಪಾದನೆಯ ಹೊಲವನ್ನು ಹೂ ಬಿಡುವ ಹೊತ್ತಿಗೆ ಒಮ್ಮೆ ವೈರಸ್‌ಗಾಗಿಯೇ ನೋಡುವುದು, ಪ್ರತಿ ತಂಡದಿಂದ ಒಂದಿಷ್ಟು ಬೀಜ ತೆಗೆದು ಪರೀಕ್ಷಿಸುವುದು ಅಸಾಧ್ಯವಲ್ಲ. ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಸಂಶೋಧನಾ ಕೇಂದ್ರವೂ ಕೃಷಿ ವಿಜ್ಞಾನ ಕೇಂದ್ರವೂ ಇವೆ. ದೂರ ಹೋಗುವ ಅಗತ್ಯವಿಲ್ಲ.

ಇದು ಆಗುವ ಮಾತೇ ಎನ್ನುವವರು ರೇಷ್ಮೆಯ ಕಡೆ ನೋಡಬೇಕು. ಮೊಳಕಾಲ್ಮೂರಿನ ಮಗ್ಗಕ್ಕೆ ಬರುವ ನೂಲಿನ ಹಿಂದೆ ದೇಶದ ಅತ್ಯಂತ ಕಟ್ಟುನಿಟ್ಟಾದ ಬೀಜ ಕ್ವಾರಂಟೈನ್ ಇದೆ, ನಾವು ಅದನ್ನು ಆ ಹೆಸರಿನಿಂದ ಕರೆಯುವುದಿಲ್ಲ. ಪೆಬ್ರಿನ್ ಎಂಬ ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ದಾಟುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಫ್ರಾನ್ಸಿನ ರೇಷ್ಮೆಯನ್ನು ಅದು ಮಲಗಿಸಿದಾಗ ಲೂಯಿ ಪ್ಯಾಶ್ಚರ್ ಒಂದು ದಾರಿ ತೋರಿದ: ಮೊಟ್ಟೆಯಿಟ್ಟ ತಾಯಿಯನ್ನು ಅರೆದು ಸೂಕ್ಷ್ಮದರ್ಶಕದಡಿ ನೋಡುವುದು, ರೋಗಾಣು ಕಂಡರೆ ಅವಳ ಮೊಟ್ಟೆಯನ್ನೆಲ್ಲ ಸುಡುವುದು. ನಮ್ಮ ಮೊಟ್ಟೆ ಕೇಂದ್ರಗಳಲ್ಲಿ ಇಂದಿಗೂ ಅದೇ ಪದ್ಧತಿ. ರೋಗಮುಕ್ತ ಮೊಟ್ಟೆ ಎಂಬ ಮುದ್ರೆಯಿಲ್ಲದೆ ಮಾರುವಂತಿಲ್ಲ. 1959ರ ಕರ್ನಾಟಕ ರೇಷ್ಮೆಹುಳು ಬೀಜ, ಗೂಡು ಮತ್ತು ನೂಲು ಕಾಯ್ದೆ ಮೊಟ್ಟೆ ತಯಾರಿಸುವವನಿಗೂ ಗೂಡು ಮಾರುವವನಿಗೂ ಕಟ್ಟು ಹಾಕಿತು. ಈ ವ್ಯವಸ್ಥೆ ನಡೆದಿರುವುದು ಭಯದಿಂದಲ್ಲ. ಮುದ್ರೆಯ ಮೊಟ್ಟೆ ತಂದವನಿಗೆ ಬೆಳೆ ಕೈಹಿಡಿಯುತ್ತದೆ, ಇಲ್ಲದ್ದು ತಂದವನ ಚಂದ್ರಿಕೆ ಖಾಲಿ.

ಅದೇ ರೇಷ್ಮೆಯಲ್ಲಿ, ಅದೇ ಕಾಯ್ದೆ ಜಾರಿಯಲ್ಲಿರುವಾಗಲೇ, ದೇಶದೊಳಗಿನ ಕ್ವಾರಂಟೈನ್ ಸೋತ ದೊಡ್ಡ ಕತೆಯೂ ಇದೆ. ಊಜಿ ನೊಣ ಬಂಗಾಳಕ್ಕೆ ಹಳೆಯದು, ಕರ್ನಾಟಕಕ್ಕೆ ಇರಲಿಲ್ಲ. 1980ರಲ್ಲಿ ಬೆಂಗಳೂರು ಸೀಮೆಯ ಹುಳುಮನೆಗಳಲ್ಲಿ ಅದು ಕಂಡಿತು. ಪಶ್ಚಿಮ ಬಂಗಾಳದಿಂದ ತಂದ ಗೂಡಿನ ಜತೆ ಬಂದದ್ದು. ನೊಣ ರೇಷ್ಮೆಹುಳುವಿನ ಚರ್ಮದ ಮೇಲೆ ಸಾಸಿವೆಗಿಂತ ಚಿಕ್ಕ ಬಿಳಿ ಮೊಟ್ಟೆ ಅಂಟಿಸುತ್ತದೆ. ಮರಿ ಒಳಹೊಕ್ಕ ಕಡೆ ಕರಿ ಕಲೆ ಬೀಳುತ್ತದೆ. ಹುಳು ಸಾಯದೆ ಗೂಡು ಕಟ್ಟಿದರೂ ಮರಿ ಗೂಡಿಗೆ ತೂತು ಕೊರೆದು ಹೊರಬರುತ್ತದೆ, ತೂತು ಬಿದ್ದ ಗೂಡಿನಿಂದ ಎಳೆ ಬಿಚ್ಚಲು ಬರುವುದಿಲ್ಲ. ಹೊರಬಂದ ಮರಿ ಚೀಲದ ಮೂಲೆಯಲ್ಲೋ ಮಾರುಕಟ್ಟೆಯ ನೆಲದ ಬಿರುಕಿನಲ್ಲೋ ಸೇರಿಕೊಂಡು ಕೋಶವಾಗುತ್ತದೆ. ಗೂಡಿನ ಮಾರುಕಟ್ಟೆಗೆ ಹತ್ತೂರಿನ ಚೀಲ ಬರುತ್ತದೆ, ಹತ್ತೂರಿಗೆ ಖಾಲಿ ಚೀಲ ಮರಳುತ್ತದೆ. ಕೆಲವೇ ವರ್ಷಗಳಲ್ಲಿ ನೊಣ ರಾಜ್ಯವನ್ನು ತುಂಬಿ ಪಕ್ಕದ ರಾಜ್ಯಗಳಿಗೂ ನಡೆಯಿತು. ಉಳಿದದ್ದು ಮನೆಮನೆಯ ಕ್ವಾರಂಟೈನ್: ಕಿಟಕಿ ಬಾಗಿಲಿಗೆ ನೈಲಾನ್ ಬಲೆ, ಮತ್ತು ನೊಣದ ಕೋಶವನ್ನೇ ತಿನ್ನುವ ಪರತಂತ್ರ ಜೀವಿ. ರಾಜ್ಯದ ಗಡಿಯಲ್ಲಿ ಹಾಕಬೇಕಿದ್ದ ಬಲೆ ಹುಳುಮನೆಯ ಕಿಟಕಿಗೆ ಬಂದು ನಿಂತಿತು. ಅದರ ಖರ್ಚು ಬೆಳೆಗಾರನದು.

ಊಜಿ ಎಂಬ ಹೆಸರು ಎಷ್ಟು ಬೇರೂರಿತೆಂದರೆ, ಕೋಲಾರದ ಕಡೆ ಟೊಮೆಟೊಗೆ ಹೊಸ ಕಾಟ ಬಂದಾಗ ಬೆಳೆಗಾರರು ಅದನ್ನೂ ಊಜಿ ಎಂದೇ ಕರೆದರು. ಅದರ ಶಾಸ್ತ್ರೀಯ ಹೆಸರು ಟೂಟಾ ಅಬ್ಸೊಲ್ಯೂಟಾ. ದಕ್ಷಿಣ ಅಮೆರಿಕದ ಪತಂಗ, 2006ರಲ್ಲಿ ಸ್ಪೇನ್ ತಲುಪಿ, ಮೆಡಿಟರೇನಿಯನ್ ದೇಶಗಳನ್ನು ದಾಟಿ, 2014ರಲ್ಲಿ ಪುಣೆ ಸೀಮೆಯಲ್ಲಿ ಕಂಡಿತು. ಕರ್ನಾಟಕಕ್ಕೆ ಬರಲು ತಡವಾಗಲಿಲ್ಲ. ಮರಿ ಎಲೆಯ ಎರಡು ಪದರಗಳ ನಡುವೆ ಸುರಂಗ ಕೊರೆಯುತ್ತದೆ, ಕಾಯಿಯ ತೊಟ್ಟಿನ ಬಳಿ ಗುಂಡುಸೂಜಿ ತಲೆಯಷ್ಟು ತೂತು ಮಾಡುತ್ತದೆ. ಇದಕ್ಕೂ ರೆಕ್ಕೆಯಿದೆ, ಆದರೆ ಖಂಡದಿಂದ ಖಂಡಕ್ಕೆ ಅದನ್ನು ದಾಟಿಸುತ್ತಿರುವುದು ಹಣ್ಣು, ಸಸಿ ಮತ್ತು ಬಾಕ್ಸು. ಮಂಡಿಯಿಂದ ಹೊಲಕ್ಕೆ, ಹೊಲದಿಂದ ಮಂಡಿಗೆ ಓಡಾಡುವ ಪ್ಲಾಸ್ಟಿಕ್ ಬಾಕ್ಸನ್ನು ಯಾರೂ ತೊಳೆಯುವುದಿಲ್ಲ. ಅದರ ಮೂಲೆಯಲ್ಲಿ ಅಂಟಿದ ಕೋಶ ಮುಂದಿನ ಹೊಲದಲ್ಲಿ ಒಡೆಯುತ್ತದೆ. ನರ್ಸರಿಯ ಟ್ರೇಯಲ್ಲಿ ಬರುವ ಸಸಿಗಂತೂ ಹುಟ್ಟಿದೂರು ಯಾವುದೆಂದು ಕೇಳುವವರೇ ಇಲ್ಲ. ಚಳ್ಳಕೆರೆ ಕಡೆ ಬೋರಿನ ನೀರಿಗೆ ಟೊಮೆಟೊ ಹಾಕುವವರು ಹೆಚ್ಚಿದಂತೆ ಸಸಿಯೂ ಬಾಕ್ಸೂ ಓಡಾಡುವುದು ಹೆಚ್ಚಿತು. ಇಲ್ಲಿ ತಡೆಯಲು ಸಾಧ್ಯವಿತ್ತು, ಈಗಲೂ ಸಾಧ್ಯವಿದೆ. ಮಂಡಿಯ ಗೇಟಿನಲ್ಲಿ ಒಂದು ಬಿಸಿನೀರಿನ ತೊಟ್ಟಿ, ನರ್ಸರಿಗೊಂದು ಪರವಾನಗಿ, ಸಸಿಮನೆಗೆ ಬಲೆ, ಒಳಗೊಂದು ಮೋಹಕ ಬಲೆ. ಇವು ಯಾವುದಕ್ಕೂ ದಿಲ್ಲಿಯ ಅಪ್ಪಣೆ ಬೇಡ.

ಈಗ ರೆಕ್ಕೆಯ ದಾರಿ. 2018ರ ಮೇ 18ರಂದು ಶಿವಮೊಗ್ಗ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು ಮೆಕ್ಕೆಜೋಳದ ಸುಳಿಯಲ್ಲಿ ಒಂದು ಹೊಸ ಹುಳು ಕಂಡರು. ತಲೆಯ ಮೇಲೆ ಬಿಳಿಯ ತಲೆಕೆಳಗಾದ ವೈ ಅಕ್ಷರ, ಬಾಲದ ಹತ್ತಿರದ ಖಂಡದ ಮೇಲೆ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಅಮೆರಿಕ ಖಂಡದ ಫಾಲ್ ಸೈನಿಕ ಹುಳು. ಏಷ್ಯಾದಲ್ಲಿ ಮೊದಲ ಬಾರಿ ಅದು ಸಿಕ್ಕಿದ್ದು ನಮ್ಮ ಪಕ್ಕದಲ್ಲಿ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ಜುಲೈ ಕೊನೆಗೆ ಎಚ್ಚರಿಕೆ ಹೊರಡಿಸುವ ಹೊತ್ತಿಗೆ ದಾವಣಗೆರೆ, ಚಿತ್ರದುರ್ಗದ ಮೆಕ್ಕೆಜೋಳದ ಹೊಲಗಳಲ್ಲೂ ಸುಳಿಯ ತುಂಬ ಒದ್ದೆ ಮರದ ಹುಡಿಯಂಥ ಹಿಕ್ಕೆ ಕಾಣುತ್ತಿತ್ತು. ರೈತರು ಅದನ್ನು ಲದ್ದಿ ಹುಳು ಎಂದರು. ಆಫ್ರಿಕಾಕ್ಕೆ ಅದು ಬಂದದ್ದು 2016ರ ಆರಂಭದಲ್ಲಿ. ಶಿವಮೊಗ್ಗದ ನಂತರ 2018 ಮುಗಿಯುವಷ್ಟರಲ್ಲಿ ಬಾಂಗ್ಲಾದೇಶ, ಥಾಯ್ಲೆಂಡ್; 2019ರ ಆರಂಭಕ್ಕೆ ಚೀನಾದ ಯುನ್ನಾನ್; 2020ರ ಆರಂಭಕ್ಕೆ ಆಸ್ಟ್ರೇಲಿಯ.

ಹೆಣ್ಣು ಪತಂಗ ತನ್ನ ಬದುಕಿನಲ್ಲಿ ಸಾವಿರದ ಐನೂರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು, ಗಾಳಿ ಜತೆಯಾದರೆ ಒಂದು ರಾತ್ರಿಗೆ ನೂರು ಕಿಲೋಮೀಟರ್ ಹೋಗಬಲ್ಲದು. ಮುಂಗಾರಿನ ಪಡುವಣ ಗಾಳಿಯಲ್ಲಿ ಶಿವಮೊಗ್ಗದಿಂದ ನಾಯಕನಹಟ್ಟಿ ಅದಕ್ಕೆ ಎರಡು ರಾತ್ರಿಯ ಹಾದಿ. ಮೊಳಕಾಲ್ಮೂರಿನ ರಾಂಪುರದಲ್ಲಿ ಚೆಕ್‌ಪೋಸ್ಟ್ ಹಾಕಿ ಬಳ್ಳಾರಿ ರಸ್ತೆಯ ಲಾರಿಗಳನ್ನು ತಡೆದಿದ್ದರೆ ಚಾಲಕರು ಚಹಾ ಕುಡಿಯುತ್ತಿದ್ದರು, ಪತಂಗ ಮೇಲಿನಿಂದ ಹೋಗುತ್ತಿತ್ತು. ಕ್ವಾರಂಟೈನ್‌ನಲ್ಲಿ ಜಗತ್ತಿಗೇ ಹೆಸರಾದ ಆಸ್ಟ್ರೇಲಿಯ ಕೂಡ ಇದರ ಮುಂದೆ ಕೈಚೆಲ್ಲಿತು. ನಿರ್ಮೂಲನೆ ಸಾಧ್ಯವಿಲ್ಲವೆಂದು 2020ರಲ್ಲೇ ಅಲ್ಲಿನ ತಜ್ಞರ ಸಮಿತಿ ತೀರ್ಮಾನಿಸಿತು. ಅದೇ ಆಸ್ಟ್ರೇಲಿಯ 1995ರಲ್ಲಿ ಕೇರ್ನ್ಸ್ ಬಳಿ ಕಂಡ ಪಪ್ಪಾಯ ಹಣ್ಣುನೊಣವನ್ನು 1999ರ ಹೊತ್ತಿಗೆ ಬೇರುಸಹಿತ ತೆಗೆದಿತ್ತು. ರಸ್ತೆ ತಡೆ, ಹಣ್ಣಿನ ಸಾಗಣೆಗೆ ಕಟ್ಟು, ಗಂಡು ನೊಣಗಳನ್ನು ಸೆಳೆದು ಕೊಲ್ಲುವ ಮೀಥೈಲ್ ಯುಜೆನಾಲ್ ಬಲೆ, ಎಲ್ಲ ಸೇರಿ. ಆ ನೊಣ ಹಣ್ಣಿನ ಬುಟ್ಟಿಯ ಜತೆ ಸಾಗುತ್ತಿತ್ತು, ಬಲೆಗೆ ಬೀಳುತ್ತಿತ್ತು, ಆದ್ದರಿಂದ ಗೆದ್ದರು. ಲದ್ದಿ ಹುಳುವಿಗೆ ಬುಟ್ಟಿಯ ಹಂಗಿಲ್ಲ.

ಲದ್ದಿ ಹುಳುವಿಗೆ ಇಲಾಖೆ ಹೇಳಿದ ವಿಷದ ಪಾಷಾಣ ಈಗ ರೈತರಿಗೆ ಬಾಯಿಪಾಠ: ಹತ್ತು ಕೆಜಿ ತೌಡು, ಎರಡು ಕೆಜಿ ಬೆಲ್ಲ, ಎರಡು ಮೂರು ಲೀಟರ್ ನೀರು, ಒಂದು ದಿನ ಹುಳಿಸಿ, ಹಾಕುವ ಅರ್ಧ ಗಂಟೆ ಮೊದಲು ನೂರು ಗ್ರಾಂ ಥಯೋಡಿಕಾರ್ಬ್ ಬೆರೆಸಿ, ಸಂಜೆ ಹೊತ್ತು ಸುಳಿ ಸುಳಿಗೆ ಉದುರಿಸುವುದು. ಮಳೆ ಚೆನ್ನಾದ ವರ್ಷ ಹೊಲದಲ್ಲೇ ಇರುವ ಮೆಟರೈಜಿಯಂ ಶಿಲೀಂಧ್ರ ಹುಳುಗಳಿಗೆ ತಗುಲಿ ಅವು ಬೂದು ಹಸಿರು ಬಣ್ಣಕ್ಕೆ ತಿರುಗಿ ಸುಳಿಯಲ್ಲೇ ಗಟ್ಟಿಯಾಗಿ ಸಾಯುವುದನ್ನು ಎಷ್ಟೋ ರೈತರು ನೋಡಿದ್ದಾರೆ. ಬಂದ ಪೀಡೆಯನ್ನು ಓಡಿಸಲಾಗದಿದ್ದಾಗ ಅದರ ಶತ್ರುವನ್ನು ಹುಡುಕುವುದೇ ದಾರಿ. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡ ಪಪ್ಪಾಯ ಹಿಟ್ಟುತಿಗಣೆ ನಮ್ಮ ಹಿಪ್ಪುನೇರಳೆಗೂ ಬಂತು. 2010ರಲ್ಲಿ ಪೋರ್ಟೊರಿಕೊದಿಂದ ಬೆಂಗಳೂರಿಗೆ ಅಸೆರೊಫೇಗಸ್ ಎಂಬ ಪುಟ್ಟ ಕಣಜ ಬಂದ ಮೇಲೆ ತಣ್ಣಗಾಯಿತು. ಆ ಕಣಜವನ್ನೂ ಹೊಲಕ್ಕೆ ಬಿಡುವ ಮುನ್ನ ಕ್ವಾರಂಟೈನ್ ಪ್ರಯೋಗಾಲಯದಲ್ಲಿಟ್ಟು ಪರೀಕ್ಷಿಸಿದರು. ಕಾಗದ ಪತ್ರವಿಲ್ಲದೆ ಬಂದ ತಿಗಣೆಯನ್ನು ಹಿಡಿಯಲು ಬಂದವನಿಗೆ ಎಲ್ಲ ಕಾಗದವೂ ಬೇಕಾಯಿತು. ಕೆಲಸ ಸರಿಯಾಗಿಯೇ ಆಯಿತು ಅನ್ನಿ.

ಇಷ್ಟು ಹೇಳಿದ ಮೇಲೂ ರೆಕ್ಕೆಯ ಪೀಡೆಗೆ ಒಂದು ಬಗೆಯ ಕ್ವಾರಂಟೈನ್ ಉಳಿದಿದೆ ಎಂದು ನನಗನಿಸುತ್ತದೆ. ಅದು ಜಾಗದ್ದಲ್ಲ, ಕಾಲದ್ದು. ಸೈನಿಕ ಹುಳುವಿಗೆ ಸುಪ್ತಾವಸ್ಥೆ ಇಲ್ಲ. ಕೆಲವು ಕೀಟಗಳು ಆಹಾರವಿಲ್ಲದ ತಿಂಗಳುಗಳನ್ನು ಮಣ್ಣಿನಲ್ಲಿ ನಿದ್ದೆ ಮಾಡಿ ಕಳೆಯುತ್ತವೆ. ಇದಕ್ಕೆ ಆ ವಿದ್ಯೆ ಗೊತ್ತಿಲ್ಲ. ವರ್ಷವಿಡೀ ಎಲ್ಲೋ ಒಂದು ಕಡೆ ಹಸಿರು ಇರಲೇಬೇಕು. ಟೊಮೆಟೊ ಟೂಟಾ ಕೂಡ ಅನುಕೂಲ ಸಿಕ್ಕರೆ ವರ್ಷಕ್ಕೆ ಹತ್ತು ಹನ್ನೆರಡು ತಲೆಮಾರು ನಡೆಸಬಲ್ಲದು, ತಲೆಮಾರು ಕಡಿಯದಂತೆ ಗಿಡ ಸಿಗುತ್ತಿರಬೇಕು ಅಷ್ಟೆ.

ನಾಯಕನಹಟ್ಟಿ ಸೀಮೆ ಹಿಂದೆ ಆ ಹಸಿರನ್ನು ಕೊಡುತ್ತಿರಲಿಲ್ಲ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ನೆಲ ಇದು; ವರ್ಷಕ್ಕೆ 500 ಮಿಲಿಮೀಟರ್ ಆದರೆ ದೊಡ್ಡದು. ಜೂನ್ ಜುಲೈನಲ್ಲಿ ಶೇಂಗಾ ಬಿತ್ತಿ, ಅಕ್ಟೋಬರ್ ನವೆಂಬರಿಗೆ ಕಿತ್ತು, ಹೊಟ್ಟು ಬಣವೆ ಹಾಕಿದರೆ ಮುಗಿಯಿತು. ಅಲ್ಲಿಂದ ಮುಂದಿನ ಮುಂಗಾರಿನವರೆಗೆ ಎರೆಯೂ ಕೆಂಪು ನೆಲವೂ ಒಂದೇ ಸಮ ಬೋಳು. ಅಮೃತಮಹಲ್ ಕಾವಲಿನ ಹುಲ್ಲೂ ಒಣಗಿ ಹಳದಿ. ಮ್ಯಾಸಬೇಡರ ದೇವರ ಎತ್ತುಗಳಿಗೆ ಮೇವು ಹುಡುಕುವ ಆ ತಿಂಗಳುಗಳು ದನಕ್ಕೆ ಎಷ್ಟು ಕಷ್ಟವೋ ಹುಳುವಿಗೂ ಅಷ್ಟೇ ಕಷ್ಟ. ಯಾವ ಇಲಾಖೆಯೂ ಹೊರಡಿಸದ ಆರು ತಿಂಗಳ ಕ್ವಾರಂಟೈನ್ ಅದು. ಬೋರ್‌ವೆಲ್ ಅದನ್ನು ಮುರಿಯಿತು. ಚಳ್ಳಕೆರೆ ತಾಲ್ಲೂಕು ಅಂತರ್ಜಲ ಅತಿಬಳಕೆಯ ಪಟ್ಟಿಯಲ್ಲಿದೆ. ನೂರಾರು ಅಡಿ ಆಳದಿಂದ ಎತ್ತಿದ ನೀರಿಗೆ ಬೇಸಿಗೆಯಲ್ಲೂ ಟೊಮೆಟೊ, ಈರುಳ್ಳಿ, ಮೆಕ್ಕೆಜೋಳ ನಿಂತಿರುತ್ತವೆ. ಬೋಳು ನೆಲದ ನಡುವೆ ಅಲ್ಲೊಂದು ಇಲ್ಲೊಂದು ಹಸಿರು ತುಂಡು. ಹುಳುವಿಗೆ ಒಂದರಿಂದ ಇನ್ನೊಂದಕ್ಕೆ ದಾಟಿ ಮುಂಗಾರಿನವರೆಗೆ ಜೀವ ಹಿಡಿದುಕೊಳ್ಳಲು ಅಷ್ಟು ಸಾಕು. ಬೋರ್ ಕೊರೆಸಿದವರನ್ನು ದೂರುವುದು ನ್ಯಾಯವಲ್ಲ. ಶೇಂಗಾ ಒಂದನ್ನೇ ನಂಬಿ ಬದುಕಲಾಗದೆ ಅವರು ಅಲ್ಲಿಗೆ ಬಂದರು. ಆದರೆ ಪೀಡೆಯ ಲೆಕ್ಕದಲ್ಲಿ ಆದದ್ದು ಇದು.

ಬೆಳೆಯಿಲ್ಲದ ಕಾಲವನ್ನು ಕಾನೂನಿನಿಂದಲೇ ಕಟ್ಟಿದ ಉದಾಹರಣೆಗಳಿವೆ. ಮದರಾಸು ಪ್ರಾಂತ್ಯ 1919ರಲ್ಲೇ ಪೀಡೆ ಕಾಯ್ದೆ ತಂದು, ಹತ್ತಿ ಗಿಡಗಳನ್ನು ನಿಗದಿತ ದಿನದೊಳಗೆ ಕಿತ್ತು ಹಾಕಬೇಕು ಎಂದಿತು. ಗುಲಾಬಿ ಕಾಯಿಕೊರಕಕ್ಕೆ ಹಸಿರು ಸಿಗಬಾರದು ಎಂಬುದೇ ಉದ್ದೇಶ. ಡೊಮಿನಿಕನ್ ರಿಪಬ್ಲಿಕ್‌ನಲ್ಲಿ 1990ರ ದಶಕದಲ್ಲಿ ಬಿಳಿನೊಣ ತಂದ ಎಲೆಮುದುಡು ವೈರಸ್ ಟೊಮೆಟೊವನ್ನು ನೆಲಕ್ಕೆ ಹಾಕಿತು. ವರ್ಷದಲ್ಲಿ ಮೂರು ತಿಂಗಳು ಬಿಳಿನೊಣಕ್ಕೆ ಆಸರೆಯಾಗುವ ಯಾವ ಬೆಳೆಯನ್ನೂ ಹಾಕಬಾರದೆಂದು ಸರ್ಕಾರ ಕಟ್ಟು ಮಾಡಿತು. ಟೊಮೆಟೊ ಮತ್ತೆ ಎದ್ದಿತು. ಅಲ್ಲಿ ಟೊಮೆಟೊ ಕೊಳ್ಳುವವರು ಕೆಲವೇ ಕಾರ್ಖಾನೆಗಳು, ಕಟ್ಟು ಮುರಿದವನ ಮಾಲು ಕೊಳ್ಳುವವರಿರಲಿಲ್ಲ. ನಮ್ಮಲ್ಲಿ ಕೊಳ್ಳುವವರು ಸಾವಿರ.

ಇಲ್ಲಿಗೆ ಹಣದ ಮಾತು ಬರಲೇಬೇಕು. 2022ರಲ್ಲಿ ದನಗಳಿಗೆ ಚರ್ಮಗಂಟು ರೋಗ ಬಂದಾಗ ರಾಜ್ಯದಲ್ಲಿ ದನದ ಸಂತೆ, ಜಾತ್ರೆ, ಸಾಗಣೆ ನಿಂತವು. ಜತೆಗೇ ಸತ್ತ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಪರಿಹಾರ ಘೋಷಣೆಯಾಯಿತು. ಪರಿಹಾರ ಎಷ್ಟು ಜನರಿಗೆ ಎಷ್ಟು ಬೇಗ ಸಿಕ್ಕಿತೆಂಬುದು ಬೇರೆ ಪ್ರಶ್ನೆ. ಹೇಳಿಕೊಂಡವನಿಗೆ ಸ್ವಲ್ಪವಾದರೂ ಸಿಗುತ್ತದೆ ಎಂಬ ಭರವಸೆಯಂತೂ ಇತ್ತು. ಬೆಳೆಯಲ್ಲಿ ಅದಿಲ್ಲ. ಹೊಸ ಪೀಡೆ ತನ್ನ ಹೊಲದಲ್ಲಿ ಮೊದಲು ಕಂಡಿತೆಂದು ಹೇಳಿಕೊಂಡ ರೈತನ ಬೆಳೆಯನ್ನು ಕಾನೂನಿನ ಪ್ರಕಾರ ನಾಶಮಾಡಬಹುದು, ಕೆಲವು ಸಂದರ್ಭದಲ್ಲಿ ಅದರ ಖರ್ಚನ್ನೂ ಅವನಿಂದಲೇ ವಸೂಲು ಮಾಡಬಹುದು. ಹಾಗಿದ್ದ ಮೇಲೆ ಯಾರು ಹೇಳುತ್ತಾರೆ? ಗೊತ್ತಿರುವ ಔಷಧಿ ಅಂಗಡಿಯವರಿಗೆ ಎಲೆ ತೋರಿಸಿ, ಅವರು ಕೊಟ್ಟದ್ದನ್ನು ಹೊಡೆದು, ಸುಮ್ಮನಾಗುತ್ತಾರೆ. ಆಸ್ಟ್ರೇಲಿಯದಲ್ಲಿ 2005ರಿಂದ ಜಾರಿಯಲ್ಲಿರುವ ಒಪ್ಪಂದವೊಂದರಲ್ಲಿ ಸರ್ಕಾರಗಳೂ ಬೆಳೆಗಾರರ ಸಂಘಗಳೂ ಹಣ ಹಂಚಿಕೊಂಡು, ಆದೇಶದಂತೆ ಬೆಳೆ ಕಿತ್ತವನಿಗೆ ನಷ್ಟ ತುಂಬುತ್ತವೆ. ಆ ದೇಶದಲ್ಲಿ ಹೊಸ ಪೀಡೆ ಬೇಗ ಬೆಳಕಿಗೆ ಬರಲು ಸೂಕ್ಷ್ಮದರ್ಶಕಗಳಷ್ಟೇ ಈ ಒಪ್ಪಂದವೂ ಕಾರಣ ಎಂದು ನನ್ನ ಅಂದಾಜು.

ಚಳ್ಳಕೆರೆ ತಾಲ್ಲೂಕಿನಲ್ಲಿ ಏಪ್ರಿಲ್, ಮೇ ಎರಡು ತಿಂಗಳು ಟೊಮೆಟೊ ಮೆಕ್ಕೆಜೋಳ ಇಲ್ಲದಂತೆ ಮಾಡಿದರೆ ಹುಳುವಿನ ಸರಪಣಿ ಒಂದಷ್ಟಾದರೂ ಕಡಿಯುತ್ತದೆ. ಆದರೆ ಮಂಡಿಗೆ ಮಾಲು ಕಡಿಮೆಯಾದಾಗಲೇ ಬೆಲೆ ಏರುತ್ತದೆ. ಎಲ್ಲರೂ ಬಿಟ್ಟಾಗ ಒಬ್ಬ ಬೆಳೆದರೆ ಅವನಿಗೆ ಬಂಗಾರ, ಅವನ ಹೊಲದಲ್ಲಿ ಉಳಿದ ಹುಳು ಮುಂಗಾರಿಗೆ ಎಲ್ಲರದು. ಈ ಕಗ್ಗಂಟು ಬಿಚ್ಚಲು ಹೊಸ ಕಾಯ್ದೆಗಿಂತ ಮೊದಲು ಬೇಕಾದದ್ದು ಆ ಎರಡು ತಿಂಗಳಿಗೆ ಬದಲಿ ಬೆಳೆ. ಹುಳುವಿಗೆ ಊಟವಾಗದ, ನೀರು ಕಡಿಮೆ ಕೇಳುವ, ಮಾರಲು ಮಂಡಿ ಇರುವ ಒಂದು ಬೆಳೆ. ಅಥವಾ ನೆಲ ಖಾಲಿ ಬಿಟ್ಟವನಿಗೆ ಎಕರೆಗೆ ಇಷ್ಟೆಂದು ಕೊಡುವ ಹಣ. ಅಂತರ್ಜಲ ಉಳಿಸುವ ಹೆಸರಿನಲ್ಲಿ ಈಗಾಗಲೇ ಯೋಜನೆಗಳಿವೆ, ಹುಳು ತಡೆಯುವ ಹೆಸರಿನಲ್ಲಿ ಪ್ರತಿ ವರ್ಷ ಔಷಧಿಗೆ ಸಹಾಯಧನವಿದೆ. ಎರಡೂ ಬೇರೆ ಬೇರೆ ಕಡತಗಳು. ಏಪ್ರಿಲ್‌ನಲ್ಲಿ ಬೋರ್ ನಿಲ್ಲಿಸಿದ ರೈತ ಎರಡೂ ಕೆಲಸವನ್ನು ಒಟ್ಟಿಗೆ ಮಾಡುತ್ತಿರುತ್ತಾನೆ. ಅವನಿಗೆ ಹಣ ಕೊಡಬೇಕಾದವರು ಕೃಷಿ ಇಲಾಖೆಯವರೋ ಅಂತರ್ಜಲ ಇಲಾಖೆಯವರೋ ಎಂಬುದು ಇತ್ಯರ್ಥವಾದರೆ ಮಿಕ್ಕದ್ದನ್ನು ಊರಿನವರೇ ಕೂತು ಮಾತಾಡಿಕೊಳ್ಳಬಹುದು.